ಇತರೆ ಖರ್ಚು

ಕೇಳಿದ್ದಕ್ಕೆ ಹೇಳಿದ್ದು: ಓದುಗರ ಪುಟ

ಹೋದ ತಿಂಗಳು ಇದೇ ಪುಟದ ಕೊನೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ನನ್ನ ಬ್ಲಾಗನ್ನು ಮತ್ತೆ ತೆರೆದಿದ್ದೇನೆ, ಮೊದಲ ಬರಹ ಪಿಯುಸಿ ದಿನಗಳ ಒಂದು ಭಾನುವಾರದ ಬಗ್ಗೆ, ಶಿವಮೊಗ್ಗದ ನೆಹರೂ ರಸ್ತೆಯಲ್ಲಿ ನಾವು ಮೂವರು ಹುಡುಗಿಯರು ಸುಮ್ನೆ ಓಡಾಡಿದ್ದರ ಬಗ್ಗೆ, ಸುಳ್ಳು ಹೇಳಿ ಹೋದ ಒಂದು ದಿನವೂ ಇದೆ, ಅದು ಇನ್ನೊಂದು ಸಲ, ಅಂತ. ಅಷ್ಟೇ ಬರೆದದ್ದು. ಅದಕ್ಕೆ ಇಷ್ಟು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. ಸಾಮಾನ್ಯವಾಗಿ ನನಗೆ ಬರುವುದು ಅತ್ತೆ ಸೊಸೆ ಜಗಳ, ಸೈಟಿನ ಪಾಲು, ಮಗ ಮದುವೆಗೆ ಒಪ್ಪುತ್ತಿಲ್ಲ ಅನ್ನುವ ಪ್ರಶ್ನೆಗಳು. ಈ ತಿಂಗಳು ಅವಕ್ಕೆಲ್ಲ ರಜೆ.

*

ಪ್ರಶ್ನೆ: ಮೇಡಂ, 2007ರಿಂದ 2011ರವರೆಗೆ ನಾನೂ ಬ್ಲಾಗ್ ಬರೆಯುತ್ತಿದ್ದೆ. ಆಮೇಲೆ ಮದುವೆ, ಮಗು, ಆಫೀಸು ಅಂತ ನಿಂತೇ ಹೋಯಿತು. ಈಗ ಮತ್ತೆ ಬರೆಯುವ ಆಸೆ. ಕೂತರೆ ಏನೂ ಹೊಳೆಯುವುದಿಲ್ಲ. ಯಾರು ಓದುತ್ತಾರೆ ಅನ್ನುವ ಯೋಚನೆ ಬೇರೆ. ಎಲ್ಲಿಂದ ಶುರು ಮಾಡಲಿ?
(ಹೆಸರು ಬೇಡ, ರಾಜಾಜಿನಗರ, ಬೆಂಗಳೂರು)

ಬರೆಯೋದು ಆಮೇಲೆ. ಮೊದಲು ಹಳೇ ಬ್ಲಾಗಿನ ಇಮೇಲ್ ಖಾತೆಗೆ ಇವತ್ತೇ ಲಾಗಿನ್ ಆಗಿ. ಎರಡು ವರ್ಷ ಯಾರೂ ಮುಟ್ಟದ ಖಾತೆಗಳನ್ನು ತೆಗೆದುಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ತಂದಿದೆ. ನನ್ನದು ಉಳಿದದ್ದು ಪುಣ್ಯಕ್ಕೆ. ಕರೆಂಟ್ ಬಿಲ್ ಬರುವುದು ಅದೇ ವಿಳಾಸಕ್ಕೆ. ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಅಂತ ಇರುತ್ತದೆ. ಅದನ್ನು ಒತ್ತಿದರೆ ನಿಮ್ಮ ನಾಲ್ಕು ವರ್ಷದ ಬರಹವೆಲ್ಲ ಒಂದು ಫೈಲಾಗಿ ಕಂಪ್ಯೂಟರಿಗೆ ಇಳಿಯುತ್ತದೆ. ಒಂದು ಪೆನ್ ಡ್ರೈವಿಗೂ ಹಾಕಿಡಿ.

ಯಾರು ಓದುತ್ತಾರೆ ಅಂದಿರಲ್ಲ, ಆಗ ತಾನೇ ಯಾರು ಓದುತ್ತಿದ್ದರು? ನಾನು ನಿಮ್ಮದು ಓದಿ ಕಾಮೆಂಟ್ ಹಾಕುತ್ತಿದ್ದೆ, ನೀವು ನನ್ನದು ಓದಿ ಹಾಕುತ್ತಿದ್ದಿರಿ. ಇಪ್ಪತ್ತು ಮೂವತ್ತು ಜನ, ಎಲ್ಲರೂ ಬರೆಯುವವರೇ. ಮದುವೆ ಮನೆಯಲ್ಲಿ ಅಡುಗೆಯವರೇ ಕೂತು ಊಟ ಮಾಡಿದ ಹಾಗೆ. ನನ್ನ ಹೊಸ ಬರಹಕ್ಕೆ ಮೊದಲ ವಾರ ಹನ್ನೊಂದು ಭೇಟಿ ಅಂತ ತೋರಿಸಿತು. ಅದರಲ್ಲಿ ನಾಲ್ಕು ಸಲ ಹೋಗಿದ್ದು ನಾನೇ.

ಇನ್ನು ಹೊಳೆಯದಿರುವ ವಿಷಯ. ನನಗೂ ಹಾಗೇ ಆಯಿತು. ಮೊದಲ ದಿನ ಕೂತು ‘ಆ ಮುಗ್ಧ ದಿನಗಳು ಮತ್ತೆ ಬಾರವು’ ಅಂತ ಶುರು ಮಾಡಿದೆ. ಎರಡು ಪ್ಯಾರಾ ಆದ ಮೇಲೆ ಓದಿ ನೋಡಿದರೆ, ಅದು ಯಾರ ಬಾಲ್ಯ ಬೇಕಾದರೂ ಆಗಬಹುದಿತ್ತು. ಅಳಿಸಿದೆ. ಆಮೇಲೆ ಅಟ್ಟದಿಂದ ಅಪ್ಪನ ಜಮಾ ಖರ್ಚಿನ ಪುಸ್ತಕ ಇಳಿಸಿಕೊಂಡೆ.

ಅಪ್ಪ ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಲೆಕ್ಕ ಅಂದರೆ ಅವರಿಗೆ ದೇವರ ಪೂಜೆಗಿಂತ ಒಂದು ಕೈ ಮೇಲೆ. ಉದ್ದನೆ ರಟ್ಟಿನ ಪುಸ್ತಕ, ಎಡಗಡೆ ಜಮಾ, ಬಲಗಡೆ ಖರ್ಚು. ಹೈಸ್ಕೂಲ್ ಮುಗಿದ ಮೇಲೆ ನನಗೂ ಅದರ ಕೊನೆಯಲ್ಲಿ ಹತ್ತು ಹಾಳೆ ಬಿಟ್ಟುಕೊಟ್ಟರು. ಗೆಳತಿಯರ ಜೊತೆ ಹೊರಗೆ ಹೋಗಬೇಕಾ, ಹೋಗು. ದುಡ್ಡು ಬೇಕಾ, ತಗೋ. ಆದರೆ ರಾತ್ರಿ ಊಟಕ್ಕೆ ಮೊದಲು ಲೆಕ್ಕ ಬರೆದು ಉಳಿದ ಚಿಲ್ಲರೆಯನ್ನು ಪುಸ್ತಕದ ಮೇಲಿಡಬೇಕು. ‘ಮಸಾಲೆ ದೋಸೆ ಅರ್ಧ ಪಾಲು, ಕಾಫಿ ಮೂರರಲ್ಲಿ ಒಂದು ಪಾಲು, ಹೇರ್‌ಪಿನ್, ಸೈಕಲ್ ಗಾಳಿ ನಾಲ್ಕಾಣೆ.’ ಇಂಥ ಸಾಲುಗಳು ಹತ್ತು ಹಾಳೆ ತುಂಬ ಇವೆ.

ಒಂದೊಂದು ಸಾಲಿಗೂ ಒಂದು ಭಾನುವಾರ ಎದ್ದು ಬಂತು ನೋಡಿ. ಕಾಫಿಯಲ್ಲಿ ಮೂರನೇ ಒಂದು ಪಾಲು ಅಂದರೆ ಹೇಗೆ? ಒಂದು ಕಾಫಿ, ಮೂರು ಜನ. ಲೋಟಕ್ಕೆ ಒಬ್ಬಳು, ಬಟ್ಟಲಿಗೆ ಒಬ್ಬಳು, ಮೂರನೆಯವಳಿಗೆ ನೀರು ಕುಡಿದ ಲೋಟ. ಅದನ್ನು ನೋಡಿ ಮಾಣಿ ಮಾಡುತ್ತಿದ್ದ ಮುಖ. ಇದ್ಯಾವುದೂ ನನಗೆ ನೆನಪಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಹಾಗಾಗಿ ನೀವು ದುಡ್ಡಿನಿಂದ ಶುರು ಮಾಡಿ. ಅವತ್ತು ಕೈಯಲ್ಲಿ ಎಷ್ಟಿತ್ತು, ಯಾರು ಕೊಟ್ಟಿದ್ದು, ಏನಂತ ಹೇಳಿ ಈಸಿಕೊಂಡಿರಿ, ವಾಪಸ್ ಎಷ್ಟು ತಂದಿರಿ. ಭಾವನೆಗಳ ಬಗ್ಗೆ ಏನೂ ಬರೆಯಬೇಡಿ. ಅವು ಕರೆಯದೇ ಬರುತ್ತವೆ.

*

ಪ್ರಶ್ನೆ: ನನ್ನ ಮಗಳಿಗೆ ಹದಿನೈದು. ಶನಿವಾರ ಬಂತಂದರೆ ಗೆಳತಿಯರ ಜೊತೆ ಹೊರಗೆ ಹೋಗುತ್ತಾಳೆ. ಮೂರು ಗಂಟೆ ಹೊತ್ತು ಕಳೆದು ಬರುತ್ತಾಳೆ. ಏನ್ ಮಾಡಿದ್ರಿ ಅಂದರೆ ‘ಏನಿಲ್ಲ, ಸುಮ್ನೆ’ ಅನ್ನುತ್ತಾಳೆ. ಮೂರು ಗಂಟೆ ಸುಮ್ನೆ ಇರೋಕೆ ಆಗುತ್ತಾ? ಏನೋ ಮುಚ್ಚಿಡುತ್ತಿದ್ದಾಳೆ ಅನ್ನಿಸುತ್ತದೆ.
(ಒಬ್ಬ ತಾಯಿ, ದಾವಣಗೆರೆ)

ಆಗುತ್ತಮ್ಮ, ಧಾರಾಳವಾಗಿ ಆಗುತ್ತದೆ. ಮೂರಲ್ಲ, ಐದು ಗಂಟೆ ಬೇಕಾದರೂ ಆಗುತ್ತದೆ.

ನಮ್ಮ ಭಾನುವಾರ ಹೇಳುತ್ತೇನೆ, ಕೇಳಿ. ನನ್ನ ಜೊತೆ ಇಬ್ಬರು. ಒಬ್ಬಳು ಎತ್ತರದವಳು, ಇನ್ನೊಬ್ಬಳು ಕನ್ನಡಕದವಳು. ದುರ್ಗಿಗುಡಿಯಲ್ಲಿ ಸೇರುತ್ತಿದ್ದೆವು. ಅಲ್ಲಿಂದ ಗೋಪಿ ಸರ್ಕಲ್, ನೆಹರೂ ರಸ್ತೆ. ಬಟ್ಟೆ ಅಂಗಡಿ ಗಾಜಿನಲ್ಲಿ ನಿಲ್ಲಿಸಿರುವ ಗೊಂಬೆಗೆ ಹೋದ ವಾರದ್ದೇ ಸೀರೆ ಇದೆಯಾ, ಬದಲಾಯಿಸಿದ್ದಾರಾ ಅಂತ ನೋಡುವುದು ಮೊದಲ ಕೆಲಸ. ಬಳೆ ಅಂಗಡಿಯಲ್ಲಿ ಎಲ್ಲ ಬಳೆ ತೆಗೆಸಿ, ಕೈಗೆ ಹಾಕಿ ನೋಡಿ, ‘ಅಮ್ಮನ್ನ ಕರ್ಕೊಂಡ್ ಬರ್ತೀವಿ’ ಅಂತ ಹೇಳಿ ಬರುವುದು ಎರಡನೇ ಕೆಲಸ. ಆ ಅಂಗಡಿಯವರು ಒಂದು ದಿನವೂ ಬೈಯಲಿಲ್ಲ. ಈಗ ನೆನೆಸಿಕೊಂಡರೆ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ಆಮೇಲೆ ಬಿ.ಎಚ್. ರಸ್ತೆಯ ಮೀನಾಕ್ಷಿ ಭವನ. ದೋಸೆ ಬರುವವರೆಗೆ ಕಾಯುವುದು, ಬಂದ ಮೇಲೆ ಗರಿಗರಿ ಅಂಚು ಯಾರಿಗೆ ಅಂತ ಜಗಳ. ಕೊನೆಗೆ ಗಾಂಧಿ ಪಾರ್ಕಿನ ಕಲ್ಲು ಬೆಂಚು. ಅಲ್ಲಿ ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯಲ್ಲಿ ಏನು ಮಾತಾಡಿದೆವು? ಒಂದಕ್ಷರ ನೆನಪಿಲ್ಲ. ಎತ್ತರದವಳು ಚಪ್ಪಲಿ ಬಿಟ್ಟು ಕಾಲನ್ನು ಬೆಂಚಿನ ಮೇಲೆ ಮಡಚಿಕೊಂಡು ಕೂರುತ್ತಿದ್ದಳು. ಕನ್ನಡಕದವಳು ನಗುವಾಗ ಕನ್ನಡಕ ತೆಗೆದು ದುಪಟ್ಟದಲ್ಲಿ ಒರೆಸುತ್ತಿದ್ದಳು, ನಗು ನಿಲ್ಲುವವರೆಗೂ ಒರೆಸುತ್ತಲೇ ಇರುತ್ತಿದ್ದಳು. ಇಷ್ಟು ಉಳಿದಿದೆ. ಮನೆಗೆ ಹೋದ ಮೇಲೆ ಅಮ್ಮ ‘ಏನ್ ಮಾಡಿದ್ರಿ’ ಅಂತ ಕೇಳಿದರೆ ನಾನೂ ‘ಏನಿಲ್ಲ’ ಅಂತಲೇ ಹೇಳುತ್ತಿದ್ದೆ. ಮುಚ್ಚಿಡೋಕಲ್ಲ. ಹೇಳೋಕೆ ಏನೂ ಇರಲಿಲ್ಲ. ಮನೆಯಲ್ಲಿ ನಾನು ದೊಡ್ಡ ಮಗಳು, ತರಗತಿಯಲ್ಲಿ ರೋಲ್ ನಂಬರು. ಆ ಬೆಂಚಿನ ಮೇಲೆ ಎರಡೂ ಅಲ್ಲ.

ನಿಮ್ಮ ಮಗಳು ಎಲ್ಲಿಗೆ ಹೋಗುತ್ತಾಳೆ, ಯಾರ ಜೊತೆ, ಎಷ್ಟು ಹೊತ್ತಿಗೆ ಬರುತ್ತಾಳೆ, ಈ ಮೂರು ನಿಮಗೆ ಗೊತ್ತಿರಬೇಕು. ಅದರಲ್ಲಿ ರಾಜಿ ಇಲ್ಲ. ಉಳಿದದ್ದಕ್ಕೆ ‘ಏನ್ ಮಾಡಿದ್ರಿ’ ಅಂತ ಕೇಳಬೇಡಿ. ಅದು ಪರೀಕ್ಷೆಯ ಪ್ರಶ್ನೆ. ‘ಇವತ್ತು ಯಾರು ಲೇಟಾಗಿ ಬಂದ್ರು?’ ಅಂತ ಕೇಳಿ ನೋಡಿ. ಎಲ್ಲ ಗುಂಪಿನಲ್ಲೂ ಒಬ್ಬಳು ಲೇಟಾಗಿ ಬರುವವಳು ಇದ್ದೇ ಇರುತ್ತಾಳೆ. ಅವಳನ್ನು ಬೈಯುತ್ತಾ ಬೈಯುತ್ತಾ ನಿಮ್ಮ ಮಗಳು ಅರ್ಧ ಕತೆ ಹೇಳಿಬಿಡುತ್ತಾಳೆ. ನನ್ನ ಮಗಳ ಮೇಲೆ ಪ್ರಯೋಗ ಮಾಡಿಯೇ ಹೇಳುತ್ತಿದ್ದೇನೆ.

*

ಪ್ರಶ್ನೆ: ಆಂಟಿ, ನಾನು ಸೆಕೆಂಡ್ ಪಿಯುಸಿ. ನಿಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ ಅಲ್ವಾ? ಮತ್ತೆ ಹೇಗೆ ಮೀಟ್ ಆಗ್ತಾ ಇದ್ರಿ? ಯಾರಾದ್ರೂ ಬರಲಿಲ್ಲ ಅಂದ್ರೆ ಹೇಗೆ ಗೊತ್ತಾಗ್ತಿತ್ತು?
(ವಿದ್ಯಾರ್ಥಿನಿ, ಸಾಗರ)

ಗೊತ್ತಾಗುತ್ತಿರಲಿಲ್ಲ ಪುಟ್ಟ. ಅದೇ ಉತ್ತರ.

ಶನಿವಾರ ಕಾಲೇಜು ಬಿಡುವಾಗ ಮಾತಾಗುತ್ತಿತ್ತು: ‘ನಾಳೆ ಹತ್ತೂವರೆ, ದುರ್ಗಿಗುಡಿ.’ ಆ ಮಾತು ಬದಲಾಗುವ ಹಾಗಿಲ್ಲ. ರಾತ್ರಿ ಮನೆಗೆ ನೆಂಟರು ಬಂದರೂ ಬದಲಾಗುವ ಹಾಗಿಲ್ಲ. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಎದುರು ಮನೆಯವರದ್ದನ್ನೇ ಪಿ.ಪಿ. ನಂಬರ್ ಅಂತ ಎಲ್ಲರಿಗೂ ಕೊಟ್ಟಿದ್ದೆವು. ಅಂದರೆ ನೀನು ಅಲ್ಲಿಗೆ ಫೋನ್ ಮಾಡಬೇಕು. ಆ ಮನೆಯ ಅಜ್ಜಿ ಎದ್ದು, ಬಾಗಿಲಿಗೆ ಬಂದು, ರಸ್ತೆಗೆಲ್ಲ ಕೇಳುವ ಹಾಗೆ ನನ್ನ ಹೆಸರು ಕೂಗಬೇಕು. ನಾನು ಓಡಿಹೋಗಿ ಮಾತಾಡುವಾಗ ಅಜ್ಜಿ ಪಕ್ಕದಲ್ಲೇ ಕೂತು ಹುರುಳಿಕಾಯಿ ಸೋಸುತ್ತಿರುತ್ತಾರೆ. ಹುರುಳಿಕಾಯಿ ಮುಗಿದರೂ ಕೈ ಆಡುತ್ತಲೇ ಇರುತ್ತದೆ. ಅಂಥ ಫೋನಿನಲ್ಲಿ ‘ಹ್ಞೂಂ’, ‘ಉಹ್ಞೂಂ’ ಬಿಟ್ಟು ಬೇರೇನು ಹೇಳೋಕಾಗುತ್ತದೆ ಹೇಳು.

ಒಂದು ರೂಪಾಯಿ ಹಾಕಿ ಮಾತಾಡುವ ಕಾಯಿನ್ ಬಾಕ್ಸ್ ಫೋನ್ ಇತ್ತು ಅನ್ನು, ಅಂಗಡಿಗಳ ಮುಂದೆ. ಆದರೆ ಅಲ್ಲಿಂದ ಮಾಡಿದರೂ ಹೋಗುವುದು ಅದೇ ಅಜ್ಜಿಗೆ.

ಹಾಗಾಗಿ ಕಾಯುವುದಕ್ಕೂ ಒಂದು ಪದ್ಧತಿ ಇತ್ತು. ಅರ್ಧ ಗಂಟೆ. ಅಷ್ಟರಲ್ಲಿ ಬರಲಿಲ್ಲ ಅಂದರೆ ಉಳಿದವರು ಹೊರಡಬಹುದು, ಕೋಪ ಮಾಡಿಕೊಳ್ಳುವ ಹಾಗಿಲ್ಲ. ಒಂದು ಸಲ ಇಬ್ಬರೂ ಬರಲಿಲ್ಲ. ಒಬ್ಬಳೇ ಐವತ್ತು ನಿಮಿಷ ನಿಂತಿದ್ದೆ. ಪಕ್ಕದ ಹೂವಿನವಳು ಹೂ ಕಟ್ಟುತ್ತಿದ್ದಳು. ಬಾಳೆನಾರು, ಎರಡು ಈ ಕಡೆ ಎರಡು ಆ ಕಡೆ, ಒಂದು ಗಂಟು. ನೋಡಿ ನೋಡಿ ನನಗೂ ಬಂತು. ಇವತ್ತಿಗೂ ನಾನು ಹೂ ಕಟ್ಟುವುದು ಅವಳ ಹಾಗೆಯೇ, ಅಮ್ಮನ ಹಾಗಲ್ಲ. ಆ ದಿನದ ಲೆಕ್ಕ: ‘ಮಲ್ಲಿಗೆ ಒಂದು ಮೊಳ.’ ಕಾಯಿಸಿದ್ದಕ್ಕೆ ಸೋಮವಾರ ಇಬ್ಬರಿಂದಲೂ ದಂಡ ವಸೂಲಿ ಮಾಡಿದೆ.

*

ಪ್ರಶ್ನೆ: ಅಕ್ಕ, ನಿಮ್ಮ ಟಿಪ್ಪಣಿಯಲ್ಲಿ ‘ಸುಳ್ಳು ಹೇಳಿ ಹೋದ ಒಂದು ದಿನವೂ ಇದೆ, ಅದು ಇನ್ನೊಂದು ಸಲ’ ಅಂತ ಬರೆದು ಬಿಟ್ಟುಬಿಟ್ಟಿದ್ದೀರಿ. ಹೀಗೆಲ್ಲ ಮಾಡಬಾರದು. ಹೇಳಿ.
(ಇಬ್ಬರು ಅಕ್ಕತಂಗಿಯರು, ತೀರ್ಥಹಳ್ಳಿ)

ನಿಮ್ಮ ಊರಿನ ರಸ್ತೆಯಲ್ಲೇ ನಡೆದದ್ದು, ನಿಮಗೆ ಹೇಳಲೇಬೇಕು.

1998ರ ಜನವರಿ, ಭಾನುವಾರ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್ ಹೋದರೆ ಸಕ್ರೆಬೈಲು ಆನೆ ಬಿಡಾರ. ಗಾಜನೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಬೆಳಿಗ್ಗೆ ಹೊತ್ತು ಆನೆಗಳಿಗೆ ಸ್ನಾನ ಮಾಡಿಸುತ್ತಾರೆ. ಶಾಲೆಯಿಂದ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು, ನೋಡಿದ್ದೆವು. ಆದರೆ ನಾವಾಗಿ ನಾವೇ ಸೈಕಲ್ ತುಳಿದುಕೊಂಡು ಹೋಗಬೇಕು ಅಂತ ಎತ್ತರದವಳಿಗೆ ಹೊಳೆಯಿತು. ಮನೆಯಲ್ಲಿ ಕೇಳಿದರೆ ಬಿಡುವುದಿಲ್ಲ. ‘ಕೆಮಿಸ್ಟ್ರಿ ಸ್ಪೆಷಲ್ ಕ್ಲಾಸ್, ಏಳು ಗಂಟೆಗೆ’ ಅಂತ ಹೇಳಿದೆ. ಅಪ್ಪ ಇಪ್ಪತ್ತು ರೂಪಾಯಿ ಕೊಟ್ಟರು. ‘ಮಧ್ಯೆ ಏನಾದ್ರೂ ತಿನ್ನು’ ಅಂದರು. ಆ ಮಾತು ಕೇಳಿ ಹೊಟ್ಟೆಯೊಳಗೆ ಒಂಥರಾ ಆಯಿತು. ಆದರೂ ಹೋದೆ.

ನನ್ನದು ಬಿಎಸ್‌ಎ ಲೇಡಿಬರ್ಡ್, ಮುಂದೆ ಬುಟ್ಟಿ. ಮಂಜು ಇನ್ನೂ ಕರಗಿರಲಿಲ್ಲ. ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೆ ಆಗುತ್ತಿರಲಿಲ್ಲ. ದಾರಿಯಲ್ಲಿ ಒಂದು ಮನೆಯ ಮುಂದೆ ಪುಟ್ಟಬಾಳೆ ಗೊನೆ ನೇತು ಹಾಕಿದ್ದರು. ಆನೆಗೆ ಅಂತ ಒಂದು ಚಿಪ್ಪು ತಗೊಂಡೆವು, ಆರು ರೂಪಾಯಿ. ಆಗಷ್ಟೇ ಕೊಯ್ದು ಕೊಟ್ಟರು. ಬುಡದಲ್ಲಿ ಸೊನೆ ಇನ್ನೂ ಒದ್ದೆ. ಬುಟ್ಟಿ ನನ್ನ ಸೈಕಲ್ಲಿಗಿತ್ತು, ಹಾಗಾಗಿ ಆನೆಯ ತಿಂಡಿ ನನ್ನ ಜವಾಬ್ದಾರಿ.

ನಾವು ಹೋದಾಗ ಒಂದು ಆನೆ ನೀರಿನಲ್ಲಿ ಮಗ್ಗುಲಾಗಿ ಮಲಗಿತ್ತು. ಸೊಂಡಿಲ ತುದಿ ಮಾತ್ರ ಮೇಲೆ, ಉಸಿರು ಬುಸ್ ಅನ್ನುತ್ತಿತ್ತು. ಮಾವುತ ಅದರ ಬೆನ್ನ ಮೇಲೆ ಕುಕ್ಕರಗಾಲಲ್ಲಿ ಕೂತು, ಅಮ್ಮ ಹಿತ್ತಾಳೆ ಕೊಡ ತಿಕ್ಕುವ ಹಾಗೆ ಗಸಗಸ ತಿಕ್ಕುತ್ತಿದ್ದ. ಕಿವಿಯ ಅಂಚು ಗುಲಾಬಿ ಬಣ್ಣ, ಅದರ ಮೇಲೆ ಮಚ್ಚೆ ಮಚ್ಚೆ. ಇನ್ನೊಂದು ಆನೆ ಸ್ನಾನ ಮುಗಿಸಿ ದಡ ಹತ್ತಿ ಬಂತು. ಸೀದಾ ನನ್ನ ಕಡೆಗೆ. ಇರುವ ಮೂವರಲ್ಲಿ ಬಾಳೆಹಣ್ಣು ಯಾರ ಹತ್ತಿರ ಇದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲವಾ? ನಾನು ಹೆದರಿ ಚಿಪ್ಪನ್ನು ಎದೆಗೆ ಅವುಚಿಕೊಂಡೆ. ‘ಕೊಟ್ಬಿಡವ್ವಾ, ಕೊಟ್ಬಿಡು’ ಅಂತ ಮಾವುತ ಕೂಗಿದ. ಕೊಡುವಷ್ಟು ಧೈರ್ಯ ಬರಲಿಲ್ಲ, ಕೈ ಬಿಟ್ಟೆ. ಕೆಳಗೆ ಬಿದ್ದದ್ದನ್ನು ಇಡೀ ಚಿಪ್ಪು ಒಂದೇ ಸಲಕ್ಕೆ ಎತ್ತಿ ಬಾಯಿಗೆ ಹಾಕಿಕೊಂಡಿತು. ಒಂದೊಂದೇ ಹಣ್ಣು ಬಿಡಿಸಿ ತಿನ್ನಿಸಬೇಕು, ಸೊಂಡಿಲು ಮುಟ್ಟಬೇಕು ಅಂತ ಹದಿನಾಲ್ಕು ಕಿಲೋಮೀಟರ್ ಲೆಕ್ಕ ಹಾಕಿಕೊಂಡು ಬಂದಿದ್ದೆವು. ಎಲ್ಲ ಸೇರಿ ನಾಲ್ಕು ಸೆಕೆಂಡಿಗೆ ಮುಗಿದುಹೋಯಿತು.

(ಈಗ ಹೋಗುವವರಿಗೆ: ಏನನ್ನೂ ನೀವಾಗಿ ತಿನ್ನಿಸಬೇಡಿ. ಬಿಡಾರದವರು ಹೇಳಿದ ಹಾಗೆ ನಡೆದುಕೊಳ್ಳಿ.)

ವಾಪಸ್ ಬರುವಾಗ ನನ್ನ ಹಿಂದಿನ ಚಕ್ರ ಪಂಚರ್. ಎರಡು ಕಿಲೋಮೀಟರ್ ತಳ್ಳಿಕೊಂಡು ಬಂದ ಮೇಲೆ ಒಂದು ಅಂಗಡಿ ಸಿಕ್ಕಿತು. ಅಜ್ಜ ಆರಾಮಾಗಿ ಟ್ಯೂಬ್ ಹೊರಗೆ ಎಳೆದ. ಗಾಳಿ ತುಂಬಿ, ತುಕ್ಕು ಹಿಡಿದ ಬಾಣಲೆಯ ನೀರಿನಲ್ಲಿ ಇಷ್ಟಿಷ್ಟೇ ಅದ್ದಿ ತಿರುಗಿಸಿದ. ಒಂದು ಕಡೆ ಗುಳುಗುಳು ಗುಳ್ಳೆ. ಅಲ್ಲಿಗೆ ಕಡ್ಡಿ ಚುಚ್ಚಿ ಗುರುತು. ಒರೆಸಿ, ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿದ. ಕಾದ. ಮತ್ತೆ ಊದಿದ. ‘ಅಜ್ಜಾ ಬೇಗ’ ಅಂದರೆ, ‘ಒಣಗದೆ ಅಂಟಿಸಿದ್ರೆ ಮುಂದಿನ ತಿರುವಲ್ಲಿ ಕೂತ್ಕೊಂಡ್ ಅಳ್ತೀಯ’ ಅಂದ. ಮೂರು ರೂಪಾಯಿ.

ರಾತ್ರಿ ಲೆಕ್ಕ ಬರೆಯಲು ಕೂತೆ. ಬೆಳಿಗ್ಗೆ ಅಷ್ಟು ಚೆನ್ನಾಗಿ ಸುಳ್ಳು ಹೇಳಿದವಳು ಪುಸ್ತಕದ ಮುಂದೆ ಪೆದ್ದಿಯಾದೆ. ಆ ಪುಸ್ತಕದಲ್ಲಿ ಸುಳ್ಳು ಬರೆಯೋಕೆ ಕೈಗೆ ಅಭ್ಯಾಸವೇ ಇರಲಿಲ್ಲ. ‘ಪುಟ್ಟಬಾಳೆ 1 ಚಿಪ್ಪು: 6.00. ಪಂಚರ್: 3.00. ಉಳಿಕೆ: 11.00.’ ಚಿಲ್ಲರೆ ಇಟ್ಟೆ.

ಅಪ್ಪ ಕನ್ನಡಕ ಏರಿಸಿ ಓದಿದರು. ಅಡುಗೆಮನೆ ಕಡೆ ಒಂದು ಸಲ ನೋಡಿ, ಮೆಲ್ಲಗೆ ಕೇಳಿದರು: ‘ಕೆಮಿಸ್ಟ್ರಿ ಕ್ಲಾಸಲ್ಲಿ ಒಂದು ಚಿಪ್ಪು ಬಾಳೆಹಣ್ಣು ಯಾರು ತಿಂದ್ರು?’

ನಾನು ಉಗುಳು ನುಂಗಿದೆ. ಬಾಯಿಂದ ಬಂದದ್ದು ಒಂದೇ ಮಾತು: ‘ಆನೆ.’

ಅಪ್ಪ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. ಬಾಳೆಹಣ್ಣಿನ ಸಾಲಿಗೆ ಒಂದು ಗೀಟು, ಪಂಚರ್ ಸಾಲಿಗೆ ಒಂದು ಗೀಟು. ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು: ‘ಇತರೆ ಖರ್ಚು: 9.00.’ ವಾರಕ್ಕೊಮ್ಮೆ ಅಮ್ಮ ಆ ಪುಸ್ತಕ ನೋಡುತ್ತಿದ್ದಳು. ‘ಮುಂದಿನ ಸಲ ಹೇಳಿ ಹೋಗು. ಆ ರಸ್ತೇಲಿ ಲಾರಿ ಜಾಸ್ತಿ’ ಅಂದರು. ಊಟಕ್ಕೆ ಎದ್ದರು.

ಅಪ್ಪ ಈಗಿಲ್ಲ. ಈ ಬ್ಲಾಗ್ ಬರೆಯುವ ನೆಪದಲ್ಲಿ ಹೋದ ತಿಂಗಳು ಅಮ್ಮನಿಗೆ ಆ ಹಾಳೆ ತೋರಿಸಿದೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಅಪ್ಪ ಮಗಳು ಕಾಪಾಡಿಕೊಂಡು ಬಂದ ಗುಟ್ಟು. ಅಮ್ಮ ಮುಖ ಕೂಡ ಎತ್ತಲಿಲ್ಲ. ‘ನಿನ್ನ ತಿಳಿಹಳದಿ ಚೂಡಿದಾರಕ್ಕೆ ಬಾಳೆ ಸೊನೆ ಹತ್ತಿಸ್ಕೊಂಡ್ ಬಂದಿದ್ದೆ. ಒಗೆದೋಳು ಯಾರು? ಕಲೆ ಹೋಗ್ಲೇ ಇಲ್ಲ. ನಿಮ್ಮಪ್ಪನ್ನ ಕೇಳಿದ್ದಕ್ಕೆ ಇಂಕು ಇರ್ಬೇಕು ಅಂದ್ರು.’

*

ಪ್ರಶ್ನೆ: ಹಳೇ ಗೆಳತಿಯರ ಬಗ್ಗೆ ಬರೆಯುವಾಗ ನಿಜವಾದ ಹೆಸರು ಹಾಕಬಹುದಾ? ಹೊಗಳಿಯೇ ಬರೆಯುತ್ತೇನೆ.
(ಉಪನ್ಯಾಸಕಿ, ಹಾಸನ)

ಕೇಳದೆ ಹಾಕಬೇಡಿ. ಹೊಗಳಿದರೂ ಬೇಡ.

ನಾನು ಬ್ಲಾಗ್ ನಿಲ್ಲಿಸಿದ್ದು ಯಾಕೆ ಅಂತ ಎಲ್ಲರಿಗೂ ‘ಟೈಮ್ ಇಲ್ಲ’ ಅಂತ ಹೇಳಿದ್ದೆ. ಟೈಮ್ ಇತ್ತು. 2012ರಲ್ಲಿ ಒಂದು ಬರಹ ಹಾಕಿದೆ. ಪಿಯುಸಿ ದಿನಗಳಲ್ಲಿ ಮೂವರೂ ಮ್ಯಾಟಿನಿಗೆ ಹೋಗಿದ್ದು, ಅಲ್ಲಿ ಒಬ್ಬಳಿಗೆ ಒಬ್ಬ ಹುಡುಗ ಕಡಲೆಕಾಯಿ ಪೊಟ್ಟಣ ಕೊಟ್ಟಿದ್ದು. ಕಡಲೆಕಾಯಿ ಅಷ್ಟೇ, ಅದರ ಮುಂದೆ ಏನೂ ಇಲ್ಲ. ತಮಾಷೆಯಾಗಿ ಬರೆದಿದ್ದೆ, ಅವಳ ಹೆಸರು ಹಾಕಿ. ಅದನ್ನು ಯಾರೋ ಅವಳ ಗಂಡನ ಮನೆಯವರಿಗೆ ತೋರಿಸಿದರು. ಹದಿನಾಲ್ಕು ವರ್ಷದ ಹಿಂದಿನ ಕಡಲೆಕಾಯಿಗೆ ಅವಳು ಮನೆಯಲ್ಲಿ ಉತ್ತರ ಕೊಡಬೇಕಾಯಿತು. ಫೋನ್ ಮಾಡಿದಳು. ಬೈಯಲಿಲ್ಲ. ‘ನಿಂಗೆ ಅದು ಕತೆ ಅಲ್ವೇನೇ’ ಅಂದಳು. ಇಟ್ಟಳು. ಅವತ್ತೇ ಅದನ್ನು ತೆಗೆದೆ. ಬ್ಲಾಗನ್ನೂ ಮುಚ್ಚಿದೆ.

ಈಗ ಅವಳು ಎತ್ತರದವಳಾ, ಕನ್ನಡಕದವಳಾ ಅಂತ ಕೇಳಬೇಡಿ. ಈ ಸಲ ಬರೆಯುವ ಮೊದಲು ಇಬ್ಬರಿಗೂ ಕಳಿಸಿ ಒಪ್ಪಿಗೆ ತಗೊಂಡಿದ್ದೇನೆ. ಒಬ್ಬಳು ‘ಹಾಕು’ ಅಂತ ಒಂದೇ ಪದ ಕಳಿಸಿದಳು. ಇನ್ನೊಬ್ಬಳು ಮೂರು ತಪ್ಪು ತಿದ್ದಿ ಕಳಿಸಿದಳು. ಕಾಫಿ ಹಂಚುವಾಗ ನೀರಿನ ಲೋಟ ಯಾವಾಗಲೂ ತನಗೇ ಬರುತ್ತಿತ್ತಂತೆ. ನನಗೆ ಹಾಗೆ ನೆನಪಿಲ್ಲ. ನನಗೆ ಬರುತ್ತಿತ್ತು ಅಂತ ನೆನಪು.

*

ಪ್ರಶ್ನೆ: ಹಳೇ ಬರಹಗಳು ಕಂಪ್ಯೂಟರಿನಲ್ಲಿ ಇವೆ. ತೆರೆದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದ ಹಾಗೆ ಕಾಣುತ್ತದೆ. ಎಲ್ಲ ಹಾಳಾಯಿತಾ?
(ನಿವೃತ್ತ ಬ್ಯಾಂಕ್ ನೌಕರರು, ಮೈಸೂರು)

ಹಾಳಾಗಿಲ್ಲ ಸರ್. ಅದು ಯೂನಿಕೋಡ್‌ಗಿಂತ (ಎಲ್ಲ ಕಂಪ್ಯೂಟರಿಗೂ ಒಂದೇ ಥರ ಅರ್ಥವಾಗುವ ಅಕ್ಷರ ಸಂಕೇತ) ಹಿಂದಿನ ಫಾಂಟಿನಲ್ಲಿ ಟೈಪ್ ಮಾಡಿದ್ದು, ಅಷ್ಟೇ. ‘ಬರಹ’ ಅಥವಾ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಬಳಸಿರುತ್ತೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ. ಎರಡರಲ್ಲೂ ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯ ಇದೆ. ಮೂಲ ಫೈಲನ್ನು ಹಾಗೇ ಇಟ್ಟುಕೊಂಡು, ಒಂದು ಪ್ರತಿ ಮಾಡಿ ಅದರ ಮೇಲೆ ಪ್ರಯತ್ನಿಸಿ. ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಡವುತ್ತವೆ, ಕೈಯಲ್ಲೇ ತಿದ್ದಬೇಕು. ನನ್ನದು ನಲವತ್ತು ಬರಹ ತಿದ್ದೋಕೆ ಎರಡು ವಾರ ಹಿಡಿಯಿತು. ಅರ್ಧ ಹೊತ್ತು ತಿದ್ದುವುದರಲ್ಲಿ, ಅರ್ಧ ಹೊತ್ತು ಓದಿ ನಾಚಿಕೆ ಪಡುವುದರಲ್ಲಿ.

*

ಪ್ರಶ್ನೆ: ನನಗೆ ಎಪ್ಪತ್ತೆರಡು. ನಿಮ್ಮ ಟಿಪ್ಪಣಿ ಓದಿ ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ನಮ್ಮ ಕಾಲದಲ್ಲಿ ಹುಡುಗಿಯರು ಗೆಳತಿಯರ ಜೊತೆ ಸುಮ್ಮನೆ ಹೊರಗೆ ಹೋಗುವುದು ಅಂತಲೇ ಇರಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದರು. ಹಿಟ್ಟಿನ ಗಿರಣಿಗೆ ಹೋಗಿ ಬರುವುದು ಬಿಟ್ಟರೆ ಹೊಸಿಲು ದಾಟಿದ್ದೇ ಇಲ್ಲ. ನಾನು ಬರೆಯುವುದಕ್ಕೆ ಏನಿದೆ ಹೇಳಿ.
(ಗೃಹಿಣಿ, ಚಿಕ್ಕಮಗಳೂರು ಜಿಲ್ಲೆ)

ಅಮ್ಮಾ, ನೀವು ಆ ಕಾಗದದಲ್ಲಿ ಶುರು ಮಾಡಿಯೇಬಿಟ್ಟಿದ್ದೀರಿ. ಗಿರಣಿ ಅಂದಿರಲ್ಲ.

ನಮ್ಮ ಅಜ್ಜಿಯ ಊರಿನಲ್ಲೂ ಗಿರಣಿ ಇತ್ತು, ನಾನೂ ಹೋಗಿದ್ದೇನೆ. ರಾಗಿ ಡಬ್ಬ ಸಾಲಿನಲ್ಲಿಟ್ಟು ಸರದಿ ಬರುವವರೆಗೂ ಕಾಯಬೇಕು. ಬೆಲ್ಟಿನ ಪಟಪಟ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ, ಹಾಗಾಗಿ ಎಲ್ಲರೂ ಕಿವಿಗೆ ಬಾಯಿ ಇಟ್ಟು ಮಾತಾಡಬೇಕು. ಹೊರಗೆ ಬರುವಾಗ ಹುಬ್ಬಿನ ಮೇಲೆಲ್ಲ ಹಿಟ್ಟು. ಬಿಸಿ ಡಬ್ಬ ಸೊಂಟಕ್ಕೆ ತಾಗಿ ಚುರುಕ್ ಅನ್ನುತ್ತಿತ್ತು. ಅಲ್ಲಿ ನಿಮ್ಮ ಓರಗೆಯ ಹುಡುಗಿಯರು ಬರುತ್ತಿರಲಿಲ್ಲವಾ? ಕರೆಂಟ್ ಹೋದರೆ ಏನು ಮಾಡುತ್ತಿದ್ದಿರಿ? ಬೇಕಂತಲೇ ಸರದಿ ಬಿಟ್ಟುಕೊಟ್ಟು ಇನ್ನೊಂದು ಹತ್ತು ನಿಮಿಷ ನಿಂತದ್ದು ಇಲ್ಲವಾ? ಮನೆಗೆ ಹೋಗಿ ‘ಜನ ಜಾಸ್ತಿ ಇದ್ರು’ ಅಂತ ಹೇಳಿದ್ದು?

ಬೀಸೋಕೆ ಎಷ್ಟು ಕೊಡುತ್ತಿದ್ದಿರಿ, ಚಿಲ್ಲರೆ ಉಳಿದರೆ ಏನು ಮಾಡುತ್ತಿದ್ದಿರಿ, ಅದನ್ನೂ ಬರೆಯಿರಿ. ಟೈಪ್ ಮಾಡುವುದೇನೂ ಬೇಡ. ಕೈಬರಹದಲ್ಲೇ ಕಳಿಸಿ. ನಿಮ್ಮ ಅಕ್ಷರ ಈಗಲೂ ದುಂಡಗಿದೆ.